ಎಂಟನೆಯ ತಂಡ

ಕಳೆದ ವಾರ ನನ್ನ ಹೆಂಡತಿ ಮಗಳ ಯೂನಿಫಾರ್ಮಿನ ಬಟ್ಟೆಯನ್ನು ಬಕೆಟಿನಲ್ಲಿ ನೆನೆಹಾಕಿದ್ದಳು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ನನಗೆ ಆ ವಾಸನೆ ಬಂತು. ಹೊಸ ಹತ್ತಿ ಬಟ್ಟೆ ಮೊದಲ ಸಲ ನೀರಿಗೆ ಬಿದ್ದಾಗ ಬರುವ ವಾಸನೆ ಅದು. ಗಂಜಿಯದ್ದು, ಗಿರಣಿಯದ್ದು, ಜೊತೆಗೆ ಇನ್ನೂ ಎಂಥದೋ ಒಂದು... ಬಕೆಟಿನ ಪಕ್ಕದಲ್ಲಿ ಸುಮ್ಮನೆ ನಿಂತುಬಿಟ್ಟೆ. ಹದಿನಾಲ್ಕು ವರ್ಷ ಈ ವಾಸನೆ ಪಕ್ಕದ ಅಂಗಡಿಯಿಂದ ನನ್ನ ಅಂಗಡಿಗೆ ಬರುತ್ತಿತ್ತು. ಆಗ ಅದು ವಾಸನೆ ಎಂದು ನನಗೆ ಅನ್ನಿಸಿದ್ದೇ ಇಲ್ಲ.

ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ನಡುವೆ ಒಂದು ಗೋಡೆ, ಆಚೆ ಟೈಲರಣ್ಣನ ಅಂಗಡಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಬನಿಯನ್ನುಗಳನ್ನು ಹೊಲಿದುಕೊಟ್ಟವರು ಅವರೇ. ಆಗಲೂ ಟೈಲರಣ್ಣ, ನನ್ನ ತಲೆ ನರೆತ ಮೇಲೂ ಟೈಲರಣ್ಣ.

ಅವರದೊಂದು ನಿಯಮವಿತ್ತು. ನೆನೆಸದ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಯಾರು ಎಷ್ಟೇ ಅವಸರ ಮಾಡಲಿ, ಬಟ್ಟೆ ಒಂದು ರಾತ್ರಿ ನೀರಿನಲ್ಲಿರಬೇಕು, ಒಂದು ದಿನ ನೆರಳಿನಲ್ಲಿ ಒಣಗಬೇಕು. ಎಷ್ಟು ಕುಗ್ಗುತ್ತದೋ ಕುಗ್ಗಲಿ, ಆಮೇಲೆ ಅಳತೆ. "ನೀರು ಕುಡೀಲಿಕ್ಕೆ ಮುಂಚೆ ಬಟ್ಟೆ ಸುಳ್ಳು ಹೇಳ್ತದೆ ಮಾರಾಯ" ಎನ್ನುತ್ತಿದ್ದರು. ಕೆಲವು ಗಿರಾಕಿಗಳು ಸಿಟ್ಟು ಮಾಡಿಕೊಂಡು ಬಟ್ಟೆ ವಾಪಸು ತೆಗೆದುಕೊಂಡು ಹೋಗುತ್ತಿದ್ದರು. ಟೈಲರಣ್ಣ ಮಾತ್ರ ಟೇಪನ್ನು ಕೊರಳಿಗೆ ಹಾಕಿಕೊಂಡು ಮತ್ತೆ ಮಿಷನ್ ತುಳಿಯುತ್ತಿದ್ದರು.

ಅವರು ನಮ್ಮ ಆಟಕ್ಕೆ ಬಂದದ್ದು ಎರಡು ವರ್ಷದ ಹಿಂದೆ. ಆಟ ಎಂದರೆ ಫೋನಿನಲ್ಲಿ ಆಡುವ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್. ಅಮೆರಿಕದ ದೊಡ್ಡ ಲೀಗಿನಲ್ಲಿ ಆಡುವ ನಿಜವಾದ ಆಟಗಾರರಲ್ಲಿ ಹದಿಮೂರು ಜನರನ್ನು ಆರಿಸಿಕೊಂಡು ಒಬ್ಬೊಬ್ಬರೂ ಒಂದೊಂದು ತಂಡ ಕಟ್ಟುವುದು. ಅಲ್ಲಿ ಅವರು ಚೆನ್ನಾಗಿ ಆಡಿದರೆ ಇಲ್ಲಿ ನಮಗೆ ಅಂಕ. ವಾರಕ್ಕೊಬ್ಬ ಎದುರಾಳಿ. ದುಡ್ಡು ಕಟ್ಟುವ ಆಟವಲ್ಲ, ಹಳೆಯ ಶಾಲಾ ತಂಡದ ನಾವು ಕೆಲವರು ಸಂಪರ್ಕದಲ್ಲಿರಲು ಮಾಡಿಕೊಂಡದ್ದು. ಒಬ್ಬ ಈಗ ತೀರ್ಥಹಳ್ಳಿಯಲ್ಲಿ ಮೇಷ್ಟ್ರು. ಲೀಗ್ ನಡೆಸುವವನು ಅವನೇ. ಒಬ್ಬ ಬ್ಯಾಕೋಡಿನಲ್ಲಿದ್ದಾನೆ, ಅವನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಮಾತ್ರ. ಉಳಿದವರು ಆನಂದಪುರ, ಹೊಸನಗರ ಎಂದು ಅಲ್ಲಲ್ಲಿ. ಆ ವರ್ಷ ಒಬ್ಬ ಬಿಟ್ಟುಹೋಗಿ ನಾವು ಏಳೇ ಜನ ಉಳಿದೆವು. ಜೋಡಿ ಹಾಕಲು ಎಂಟು ತಂಡ ಬೇಕು. ಯಾರನ್ನು ಹುಡುಕುವುದು ಎಂದು ಫೋನಿನಲ್ಲಿ ಮಾತಾಡುತ್ತಿದ್ದಾಗ ಗೋಡೆಯ ಆಚೆಯಿಂದ ಕೇಳಿಸಿಕೊಂಡ ಟೈಲರಣ್ಣ ಬಾಗಿಲಿಗೆ ಬಂದು ನಿಂತರು.

"ಎಂಥ ಆಟ ಅದು? ಅಲ್ಲಿ ಅವ್ರು ಓಡಿದ್ರೆ ಇಲ್ಲಿ ನಮಗೆ ಮಾರ್ಕ್ಸಾ?"

"ಹೌದಣ್ಣ."

"ನಾವು ಏಳೋದೂ ಬೇಡ?"

"ಬೇಡ."

"ಹಂಗಾರೆ ನಂಗೆ ಆಗ್ತದೆ. ನನ್ನ ಮಂಡಿನೋವಿಗೆ ಹೇಳಿ ಮಾಡ್ಸಿದ್ದು."

ಫೋನಿನ ಆ ಕಡೆ ತೀರ್ಥಹಳ್ಳಿಯವನು ನಕ್ಕ. "ಟೈಲರಣ್ಣಂಗೆ ಬ್ಯಾಸ್ಕೆಟ್‌ಬಾಲ್ ಎಂತ ಗೊತ್ತು? ಬನಿಯನ್ ಹೊಲ್ದಿದ್ದು ಬಿಟ್ರೆ?"

ಸ್ಪೀಕರ್ ಹಾಕಿತ್ತು. ಟೈಲರಣ್ಣ ಫೋನಿನ ಹತ್ತಿರ ಬಾಗಿ ಹೇಳಿದರು. "ನಿನ್ನ ಬನಿಯನ್ನಿಗೆ ಎರಡು ಸಲ ಹೊಟ್ಟೆ ಹತ್ರ ಹೊಲಿಗೆ ಬಿಚ್ಚಿಕೊಟ್ಟಿದೀನಿ. ನಿಂಗೆಷ್ಟು ಗೊತ್ತು ಅಂತ ನಂಗೆ ಗೊತ್ತುಂಟು."

ಅವರು ಎಂಟನೆಯವರಾದರು.

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದ್ದರಿಂದ ಅವರ ಫೋನಿನಲ್ಲಿ ಅವರ ತಂಡವನ್ನು ಜೋಡಿಸಿಕೊಡುವ ಕೆಲಸ ನನ್ನದಾಯಿತು. ಅಮೆರಿಕದಲ್ಲಿ ಸಂಜೆ ಆಟ ಶುರುವಾಗುವಾಗ ನಮಗೆ ಬೆಳಗಿನ ಐದೋ ಆರೋ ಗಂಟೆ. ಅಷ್ಟರೊಳಗೆ ಆ ದಿನ ಯಾರು ಆಡುತ್ತಾರೆ, ಯಾರಿಗೆ ಪೆಟ್ಟಾಗಿದೆ ನೋಡಿ ತಂಡ ಸರಿಮಾಡಬೇಕು. ಹದಿಮೂರಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹೊಸಬನೊಬ್ಬನನ್ನು ಹಿಡಿಯಬೇಕಾದರೆ ಇದ್ದವನೊಬ್ಬನನ್ನು ಬಿಡಬೇಕು. ಬಿಟ್ಟವನು ಎರಡು ದಿನ ಯಾರಿಗೂ ಸಿಗುವುದಿಲ್ಲ, ಆಮೇಲೆ ಯಾರು ಮೊದಲು ಒತ್ತುತ್ತಾರೋ ಅವರಿಗೆ. ವಾರಕ್ಕೆ ಮೂರೇ ಬದಲಾವಣೆ ಎಂದು ನಾವೇ ಕಟ್ಟು ಮಾಡಿಕೊಂಡಿದ್ದೆವು. ಇಡೀ ಆಟ ಇರುವುದೇ ಈ ಹಿಡಿಯುವುದು, ಬಿಡುವುದರಲ್ಲಿ.

ಬೆಳಿಗ್ಗೆ ವಾಕಿಂಗಿಗೆ ಹೊರಟವರು ನಮ್ಮ ಮನೆಯ ಗೇಟಿನ ಹತ್ತಿರ ನಿಂತು ಕೆಮ್ಮುತ್ತಿದ್ದರು. ನಾನು ಹೊರಗೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮೊದಲ ಚಹಾ ನಮ್ಮದೇ. ಎರಡು ಫೋನು ಮೇಜಿನ ಮೇಲಿಟ್ಟು ಮೊದಲು ಅವರ ತಂಡ, ಆಮೇಲೆ ನನ್ನದು. ಹೆಸರುಗಳು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಮುಖ ನೋಡಿ, ಮೈಕಟ್ಟು ನೋಡಿ ತಾವೇ ಹೆಸರಿಡುತ್ತಿದ್ದರು. ಎಡಗೈಯವನು, ಗೂನು ಬೆನ್ನಿನವನು, ಸಿಡುಕ... ಅಳತೆ ಪುಸ್ತಕದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪುಟ ಕೊಟ್ಟಿದ್ದರು. ಗಿರಾಕಿಗಳ ಪುಟದಲ್ಲಿ ಎದೆ, ಭುಜ, ತೋಳು ಎಂದು ಬರೆಯುವ ಜಾಗದಲ್ಲಿ ಇವರಿಗೆ ಓಟ, ಎಸೆತ, ಉಸಿರು ಎಂದು ಬರೆದಿರುತ್ತಿದ್ದರು.

ಬಟ್ಟೆಯ ನಿಯಮವನ್ನು ಇಲ್ಲಿಗೂ ತಂದರು. ಹೊಸಬನನ್ನು ಹಿಡಿದರೆ ಮೂರು ಆಟ ನೋಡದೆ ಬಿಡುವಂತಿಲ್ಲ. ಒಂದು ಆಟದಲ್ಲಿ ಕೆಟ್ಟದಾಗಿ ಆಡಿದವನನ್ನು ನಾವೆಲ್ಲ ಅವತ್ತೇ ಕಿತ್ತೊಗೆಯುತ್ತಿದ್ದೆವು. ಅವರು ಕಾಯುತ್ತಿದ್ದರು. ನಾವು ಬಿಟ್ಟವರಲ್ಲಿ ಮೂರು ನಾಲ್ಕು ಜನ ಅವರ ಕೈಗೆ ಹೋಗಿ ಒಳ್ಳೆಯವರಾದರು. ಬ್ಯಾಕೋಡಿನವನಂತೂ ಟ್ಯಾಂಕಿನ ಮೇಲಿಂದಲೇ ಫೋನ್ ಮಾಡಿ ಬೈಯುತ್ತಿದ್ದ. "ಟೈಲರಣ್ಣ, ನಾ ಬಿಸಾಕಿದ ಹಳೆ ಬಟ್ಟೆಲೇ ಹೊಸ ಅಂಗಿ ಹೊಲ್ಕಂಡು ತಿರುಗ್ತಿದೀರಲ್ಲ!"

"ನೀನು ನೆನೆಸದೇ ಹರಿದ್ರೆ ನಾ ಎಂತ ಮಾಡ್ಲಾ? ಇಳಿ ಕೆಳಗೆ, ಬೀಳ್ತಿ" ಎನ್ನುತ್ತಿದ್ದರು ಇವರು.

ಅವರ ತಂಡದಲ್ಲೊಬ್ಬ ವಯಸ್ಸಾದ ಆಟಗಾರನಿದ್ದ. ಅವನಿಗೆ ಇಟ್ಟ ಹೆಸರು ಮುದುಕ. ಒಂದು ಆಟದಲ್ಲಿ ಹತ್ತು ನಿಮಿಷ ಆಡಿದರೆ ಹೆಚ್ಚು. ಅವನನ್ನು ಬಿಡಿ ಎಂದು ಎಷ್ಟೋ ಸಲ ಹೇಳಿದೆ. "ಇರ್ಲಿ ಬಿಡು. ಕೋಟಿನ ಲೈನಿಂಗ್ ಇದ್ದಂಗೆ ಅವ್ನು. ಕಾಣದಿಲ್ಲ, ತೆಗೆದ್ರೆ ಗೊತ್ತಾಗ್ತದೆ" ಎಂದರು. ಎರಡು ಸೀಸನ್ ಅವನನ್ನು ಮುಟ್ಟಲು ಬಿಡಲಿಲ್ಲ.

ನಮ್ಮಲ್ಲೊಂದು ಪದ್ಧತಿ ಇತ್ತು. ಮಾರ್ಚ್ ಕೊನೆಗೆ ಫೈನಲ್ ವಾರದ ಭಾನುವಾರ ಎಲ್ಲರೂ ಸಾಗರಕ್ಕೆ ಬಂದು ಹಳೆಯ ಶಾಲೆಯ ಕೋರ್ಟಿನಲ್ಲಿ ಸೇರುತ್ತಿದ್ದೆವು. ಫೈನಲಿಗೆ ಬಂದ ಇಬ್ಬರು ಕೋರ್ಟಿನ ನಡುವೆ ಎದುರುಬದುರು ನಿಲ್ಲಬೇಕು. ಮೂರನೆಯವನು ಚೆಂಡನ್ನು ಮೇಲಕ್ಕೆ ಹಾರಿಸುತ್ತಾನೆ, ಇಬ್ಬರೂ ಜಿಗಿಯಬೇಕು. ಅಷ್ಟೇ. ಆಮೇಲೆ ಎಲ್ಲರೂ ಸೇರಿ ಊಟ. ನಲವತ್ತು ದಾಟಿ ಹೊಟ್ಟೆ ಬಂದವರು ಜಿಗಿಯುವುದನ್ನು ನೋಡಿ ನಗುವುದಕ್ಕೇ ಅದು ಇದ್ದದ್ದು. ಆದರೆ ಟೈಲರಣ್ಣ ಅದನ್ನು ನಗೆಯ ವಿಷಯ ಎಂದುಕೊಂಡಿರಲಿಲ್ಲ. ಮೊದಲ ವರ್ಷ ಅವರು ಮೆಟ್ಟಿಲ ಮೇಲೆ ಕೂತು ನೋಡಿದರು. ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ಹೇಳಿದರು. "ಎಷ್ಟು ವರ್ಷ ನಿಮಗೆಲ್ಲ ಬನಿಯನ್ ಹೊಲ್ದೆ. ಆ ಗೀಟಿನ ಒಳಗೆ ಕಾಲೇ ಇಟ್ಟಿಲ್ಲ ನೋಡು. ನಾನೂ ಒಂದ್ಸಲ ಹಾರ್ಬೇಕು ಮಾರಾಯ."

"ಮಂಡಿ?"

"ಮಂಡಿ ಆಮೇಲೆ ನೋಡ್ಕಂಡ್ರಾಯ್ತು."

ಎರಡನೆಯ ವರ್ಷ, ಅಂದರೆ ಹೋದ ಮಾರ್ಚಿನಲ್ಲಿ, ಅವರು ಸೆಮಿಫೈನಲಿಗೆ ಬಂದರು. ಎದುರಿಗೆ ನಾನು.

ನಾನೂ ಅದುವರೆಗೆ ಫೈನಲ್ ನೋಡಿದವನಲ್ಲ. ಆ ವಾರವೆಲ್ಲ ಬೆಳಿಗ್ಗೆ ಒಂದೇ ಮೇಜಿನಲ್ಲಿ ಕೂತು ಅವರ ತಂಡವನ್ನೂ ನಾನೇ ಜೋಡಿಸಿದೆ, ನನ್ನದನ್ನೂ ನಾನೇ. ಶುಕ್ರವಾರದ ಹೊತ್ತಿಗೆ ಇಬ್ಬರ ಅಂಕವೂ ಹತ್ತಿರ ಹತ್ತಿರ ಇತ್ತು. ಇಬ್ಬರಿಗೂ ಒಂದೊಂದೇ ಬದಲಾವಣೆ ಉಳಿದಿತ್ತು. ಅವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಕಂಪ್ಯೂಟರಿನಲ್ಲಿ ಒಂದು ಆಟದ ತುಣುಕುಗಳನ್ನು ನೋಡುತ್ತಿದ್ದೆವು. ಹಸಿರು ಶೂ ಹಾಕಿದ ಒಬ್ಬ ಬದಲಿ ಆಟಗಾರ ಕೊನೆಯಲ್ಲಿ ಐದಾರು ನಿಮಿಷ ಆಡಿದ್ದ. ಅವನು ಯಾರ ತಂಡದಲ್ಲೂ ಇರಲಿಲ್ಲ.

"ನಿಲ್ಸು ನಿಲ್ಸು" ಎಂದರು ಟೈಲರಣ್ಣ. ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. "ಇವನ ಭುಜ ನೋಡು. ಉಳಿದವ್ರದ್ದೆಲ್ಲ ಸುಸ್ತಾಗಿ ಇಳಿದು ಹೋಗಿದೆ, ಇವಂದು ಹ್ಯಾಂಗರಿಗೆ ಹಾಕಿದಂಗೆ ನಿಂತಿದೆ. ನಾಳೆ ಇವ್ನನ್ನ ಪೂರ್ತಿ ಆಡಿಸ್ತಾರೆ. ಬೆಳಿಗ್ಗೆ ಇವ್ನನ್ನ ಹಿಡಿ, ಎಡಗೈಯವನ್ನ ಬಿಡು."

"ಈಗಲೇ ಹಿಡೀಲಾ?"

"ಬೇಡ. ಎಡಗೈಯವನ್ನ ಹಿಡಿದ ಮೇಲೆ ಮೂರನೇ ಆಟ ಇವತ್ತು ಬೆಳಿಗ್ಗೆದು, ನಾ ಇನ್ನೂ ನೋಡಿಲ್ಲ. ಸಂಜೆ ಅದನ್ನ ನೋಡಿ ಆಗ್ಲಿ."

ಅವರ ನಿಯಮ. ಕೊನೆಯ ವಾರದಲ್ಲೂ ಅದನ್ನು ಮುರಿಯಲಿಲ್ಲ.

ಮಾರನೆಯ ದಿನ ಅವರು ಹೊಸನಗರದಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಫೋನನ್ನು ನನ್ನ ಕೈಗೇ ಕೊಟ್ಟರು. "ಮದುವೆ ಮನೇಲಿ ಇದು ಯಾಕೆ? ಉಣ್ಣಕ್ಕೆ ಬಿಡದಿಲ್ಲ. ನಿನ್ನತ್ರನೇ ಇರ್ಲಿ" ಎಂದು ಹೇಳಿ ಹೋದರು.

ಶನಿವಾರ ಬೆಳಿಗ್ಗೆ ಐದು ಗಂಟೆಗೆ ಎದ್ದು ಅಡಿಗೆಮನೆಯ ಕಟ್ಟೆಯ ಮೇಲೆ ಎರಡೂ ಫೋನು ಇಟ್ಟುಕೊಂಡು ಕೂತೆ. ಸುದ್ದಿ ನೋಡಿದೆ. ಟೈಲರಣ್ಣ ಹೇಳಿದ್ದೇ ಆಗಿತ್ತು. ಮುಖ್ಯ ಆಟಗಾರನೊಬ್ಬನಿಗೆ ಪಾದ ಉಳುಕಿ, ಅವನ ಜಾಗದಲ್ಲಿ ಹಸಿರು ಶೂಸಿನವನು ಮೊದಲಿನಿಂದ ಆಡುವವನಿದ್ದ. ಅವನ ಹೆಸರಿನ ಮುಂದೆ ಹಿಡಿಯುವ ಗುರುತು ಎರಡೂ ಫೋನಿನಲ್ಲಿ ಕಾಣುತ್ತಿತ್ತು...

ನಾನು ನನ್ನ ಫೋನಿನಲ್ಲಿ ಒತ್ತಿದೆ.

ಎಷ್ಟು ಸಲ ಯೋಚಿಸಿದ್ದೇನೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು. ದೊಡ್ಡದೇನೂ ಇರಲಿಲ್ಲ. ಅವನನ್ನು ನಾನೂ ನೋಡಿದ್ದೆನಲ್ಲ, ನನ್ನ ಕಂಪ್ಯೂಟರಿನಲ್ಲೇ ನೋಡಿದ್ದಲ್ಲವೇ ಎಂದುಕೊಂಡೆ. ಆಟದಲ್ಲಿ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಎರಡೂ ಫೋನು ನನ್ನ ಕೈಯಲ್ಲೇ ಇತ್ತು ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಭಾನುವಾರ ಸಂಜೆ ಅವರು ಬಂದರು. ಮದುವೆಮನೆಯ ಹೋಳಿಗೆಯನ್ನು ಕಾಗದದಲ್ಲಿ ಕಟ್ಟಿಕೊಂಡು ತಂದಿದ್ದರು. "ಎಂತಾಯ್ತು?" ಎಂದರು.

"ಸಿಗಲಿಲ್ಲ ಅಣ್ಣ. ಏಳೋದು ಸ್ವಲ್ಪ ತಡ ಆಯ್ತು. ಅಷ್ಟರಲ್ಲಿ ಯಾರೋ ಹಿಡಿದುಬಿಟ್ಟಿದ್ರು."

ಯಾರು ಎಂದು ಅವರು ಕೇಳಲಿಲ್ಲ. ಫೋನು ತೆಗೆದುಕೊಂಡರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಧೈರ್ಯ ನನಗಿತ್ತು. ಆದರೆ ಆ ಪರದೆಯಲ್ಲಿ ಎದುರಾಳಿಯ ತಂಡವೂ ಕಾಣುತ್ತದೆ, ಪ್ರತಿ ಹೆಸರಿನ ಪಕ್ಕ ಮುಖವೂ ಇರುತ್ತದೆ. ಅವರು ಓದುತ್ತಿದ್ದದ್ದೇ ಮುಖಗಳನ್ನು. ಕನ್ನಡಕವನ್ನು ಮೇಲೇರಿಸಿ ಸ್ವಲ್ಪ ಹೊತ್ತು ನೋಡಿದರು. ಗೋಡೆಯ ಆಚೆ ಅವರ ಮಿಷನ್ ನಿಂತಿತ್ತು, ನನ್ನ ಜೆರಾಕ್ಸ್ ನಿಂತಿತ್ತು. ನಾನು ಹೋಳಿಗೆಯ ಕಟ್ಟನ್ನು ಬಿಚ್ಚುತ್ತಾ ಇದ್ದೆ.

"ಚೆನ್ನಾಗಿ ಆಡಿದಾನೆ ಹುಡುಗ" ಎಂದರು. ಅಷ್ಟೇ. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅಂಗಡಿ ಬಾಗಿಲು ತೆಗೆಯಲು ಹೋದರು.

ಮರುದಿನ ಬೆಳಿಗ್ಗೆ ನಾನು ಅವರ ಫೋನಿಗೆ ಕೈ ಚಾಚಿದಾಗ ಹೇಳಿದರು. "ಮೂರನೇ ಸ್ಥಾನಕ್ಕೆ ಇನ್ನೆಂತ ಬದಲಾಯ್ಸೋದು? ಹಂಗೇ ಇರ್ಲಿ. ನೀನು ನಿಂದು ನೋಡ್ಕ, ಫೈನಲ್ ಉಂಟಲ್ಲ." ನನಗೆ ಒಂದು ಥರ ಬಿಡುಗಡೆಯೇ ಆಯಿತು. ಆ ವಾರ ಅವರು ಮೂರನೆಯ ಸ್ಥಾನಕ್ಕೆ ಬ್ಯಾಕೋಡಿನವನ ಎದುರು ಇದ್ದರು, ಗೆದ್ದೂ ಗೆದ್ದರು. ಮುಟ್ಟದೆಯೂ ಗೆದ್ದರಲ್ಲ, ಅದೃಷ್ಟ ಎಂದುಕೊಂಡೆ.

ಕೋರ್ಟಿನಲ್ಲಿ ತೀರ್ಥಹಳ್ಳಿಯವನ ಎದುರು ನಾನು ಜಿಗಿದೆ. ಟೈಲರಣ್ಣ ಗೀಟಿನ ಹೊರಗೆ ನಿಂತು ಚಪ್ಪಾಳೆ ತಟ್ಟಿದರು. ಚೆಂಡು ಅವನ ಕೈಗೆ ಹೋಯಿತು, ಫೈನಲ್ ಕೂಡ ಅವನಿಗೇ ಹೋಯಿತು. ಊಟಕ್ಕೆ ಕೂತಾಗ ಅವರು ನನ್ನ ಪಕ್ಕದಲ್ಲೇ ಇದ್ದರು. ಹೇಳಿಬಿಡೋಣ ಎಂದುಕೊಂಡೆ. ಎಲ್ಲರೂ ಇದ್ದಾರೆ, ನಾಳೆ ಹೇಳೋಣ ಎಂದುಕೊಂಡೆ. ಮರುದಿನದ ಹೊತ್ತಿಗೆ ಯೂನಿಫಾರ್ಮಿನ ಸೀಸನ್ ಶುರುವಾಗಿತ್ತು, ಅವರಿಗೆ ತಲೆಯೆತ್ತಲು ಪುರುಸೊತ್ತಿರಲಿಲ್ಲ. ಮುಂದಿನ ಸೀಸನ್ ಶುರುವಾಗುವಾಗ, ಹೋಟೆಲಿನ ಮೇಜಿನಲ್ಲಿ, ತಮಾಷೆ ಮಾಡುತ್ತಾ ಹೇಳಿದರಾಯಿತು ಎಂದು ಮುಂದಕ್ಕೆ ಹಾಕಿದೆ...

ಆಷಾಢದಲ್ಲಿ ಅವರು ಹೋದರು. ಸೋಮವಾರ ಅಂಗಡಿ ತೆಗೆದಿದ್ದರು, ಬುಧವಾರ ಶಿವಮೊಗ್ಗದ ಆಸ್ಪತ್ರೆಯಿಂದ ಸುದ್ದಿ ಬಂತು. ಅಂಗಡಿಯಲ್ಲಿ ಒಂದು ತಿಂಗಳು ಗಿರಾಕಿಗಳ ಬಟ್ಟೆ ಹಾಗೇ ಇತ್ತು. ಯಾರ ಬಟ್ಟೆ ಯಾವುದು ಎಂದು ಅವರ ಹೆಂಡತಿಗೆ ಗುರುತಿಸಿಕೊಟ್ಟವನು ನಾನೇ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಇಡೀ ದಿನ ಹಾಡು ಹಾಕಿರುತ್ತಾರೆ.

ಹೋದ ತಿಂಗಳು ಒಂದು ಸಂಜೆ ಅವರ ಹೆಂಡತಿ ಹೇಳಿಕಳಿಸಿದ್ದರು. ಹೋದೆ. ಫೋನು ಟಿವಿಯ ಪಕ್ಕ ಚಾರ್ಜಿಗೆ ಇಟ್ಟಿತ್ತು.

"ಇದೆಂತ ಎರಡು ದಿನದಿಂದ ಟಿಣ್ ಟಿಣ್ ಅಂತಿದೆ ನೋಡು. ಬ್ಯಾಂಕಿಂದ ಏನಾದ್ರೂ ಬಂತಾ ಅಂತ ಹೆದ್ರಿಕೆ ನಂಗೆ."

"ಅಲ್ಲ ಅತ್ತಿಗೆ, ಆಟದ್ದು. ಹೊಸ ಸೀಸನ್ನಿಗೆ ಬರ್ತೀರಾ ಅಂತ ಕೇಳ್ತಿದಾರೆ."

ಅವರು ಒಳಗೆ ಚಹಾ ಇಡಲು ಹೋದರು. ನಾನು ಸುಮ್ಮನೆ ಅವರ ತಂಡವನ್ನು ತೆರೆದೆ. ಯಾರು ಯಾವಾಗ ಯಾರನ್ನು ಹಿಡಿದರು, ಯಾರನ್ನು ಬಿಟ್ಟರು ಎಂಬ ಪಟ್ಟಿ ಅದರಲ್ಲಿ ಇರುತ್ತದೆ. ಎರಡು ಸೀಸನ್ನಿನದ್ದೂ ನಾನು ಮಾಡಿದ್ದೇ. ಆದರೆ ಪಟ್ಟಿಯ ಕೊನೆಯಲ್ಲಿ ನಾನು ಮಾಡದ ಮೂರು ಬದಲಾವಣೆಗಳಿದ್ದವು. ಮೂರೂ ಆ ಫೈನಲ್ ವಾರದವು.

ಸೋಮವಾರ ಬೆಳಿಗ್ಗೆ ಐದೂವರೆಗೆ ಎಡಗೈಯವನನ್ನು ಬಿಟ್ಟು ಗಟ್ಟಿ ಆಟಗಾರನೊಬ್ಬನನ್ನು ಹಿಡಿದಿದ್ದರು. ಅದು ಸರಿಯಾಗಿತ್ತು. ಮಂಗಳವಾರ ಮುದುಕನನ್ನು ಬಿಟ್ಟಿದ್ದರು. ಅವನ ಬದಲಿಗೆ ಯಾರನ್ನೂ ಹಿಡಿದಿರಲಿಲ್ಲ. ಬೆರಳು ತಪ್ಪಿ ಬಿದ್ದಿದೆ ಎಂದು ನೋಡಿದೊಡನೆ ತಿಳಿಯಿತು. ಅವನ ಹೆಸರಿನ ಕೆಳಗಿದ್ದವನ ಕಾಲಿಗೆ ಪೆಟ್ಟಾಗಿತ್ತು, ಬಿಡಬೇಕೆಂದಿದ್ದದ್ದು ಅವನನ್ನು. ಬಿಟ್ಟವನು ಎರಡು ದಿನ ಯಾರಿಗೂ ಸಿಗುವುದಿಲ್ಲವಲ್ಲ. ಗುರುವಾರ ಬೆಳಿಗ್ಗೆ, ಸಿಗುವ ಹೊತ್ತಿಗೆ ಸರಿಯಾಗಿ, ಮತ್ತೆ ಮುದುಕನನ್ನೇ ಹಿಡಿದಿದ್ದರು. ಉಳಿದಿದ್ದ ಒಂದು ಬದಲಾವಣೆಯನ್ನೂ ಅವನಿಗೇ ಕೊಟ್ಟಿದ್ದರು.

ಆ ಎರಡು ದಿನ ನಾವು ಒಂದೇ ಮೇಜಿನಲ್ಲಿ ಚಹಾ ಕುಡಿದಿದ್ದೆವು. ನನ್ನ ಫೈನಲಿನ ಬಗ್ಗೆ ಅವರು ಏನೇನೋ ಸಲಹೆ ಕೊಟ್ಟಿದ್ದರು. ಅವರ ಜೇಬಿನಲ್ಲಿ ಫೋನಿತ್ತು. ಒಂದು ಮಾತು ಕೇಳಿರಲಿಲ್ಲ.

ಅತ್ತಿಗೆ ಚಹಾ ತಂದರು. ನಾನು ಆ ಪಟ್ಟಿಯನ್ನು ಹಿಡಿದುಕೊಂಡೇ ಇದ್ದೆ. "ಅಣ್ಣ ಇದನ್ನ ತಾವೇ ಮಾಡ್ತಿದ್ರಾ?" ಎಂದೆ.

"ಹೂಂ, ಕೊನೆಕೊನೆಗೆ ಶುರು ಮಾಡ್ಕಂಡಿದ್ರು. ಎದ್ದು ಮೆಟ್ಲ ಮೇಲೆ ಕೂತ್ಕಂಡು ಬೆರಳಲ್ಲಿ ಕುಟ್ಟದು. ಒಂದಿನ 'ಅಯ್ಯೋ, ಹೋದ' ಅಂದ್ರು. ಯಾರು ಹೋದ್ರೋ ಅಂತ ನಂಗೆ ಎದೆ ಧಸಕ್ಕಂತು. 'ಮುದುಕ' ಅಂದ್ರು. ಯಾವ ಮುದುಕ ಅಂತ ನೆಂಟರನ್ನೆಲ್ಲ ನೆನೆಸ್ಕಂಡೆ ನಾನು!" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಪಾಪ, ತಲೆ ಮೇಲೆ ಕೈ ಹೊತ್ಕಂಡು ಕೂತಿದ್ರು. ನಿನ್ನ ಕರೀಲಾ ಅಂದೆ. ಬೇಡ, ಅವ್ನಿಗೆ ಅವಂದೇ ಸಾಕಾಗಿದೆ ಅಂದ್ರು."

ಲೋಟ ಕೆಳಗಿಟ್ಟೆ.

"ಹೆಂಗೆ ಅಂದ್ರು ಅತ್ತಿಗೆ? ಸಿಟ್ಟಲ್ಲಿ ಅಂದ್ರಾ?"

"ಎಂತ ಸಿಟ್ಟು?"

"ಅಲ್ಲ, ಸುಮ್ನೆ ಅಂದ್ರಾ, ಬೇಜಾರಲ್ಲಿ ಅಂದ್ರಾ?"

ಅವರು ನನ್ನ ಮುಖವನ್ನು ನೋಡಿದರು. "ಯಾರಿಗೆ ನೆನಪಿರ್ತದೆ ಮಾರಾಯ? ನಾ ಒಳಗೆ ದೋಸೆ ಹುಯ್ತಿದ್ದೆ."

ಅವರಿಗೆ ಎಲ್ಲವನ್ನೂ ಹೇಳಿದೆ. ಹಸಿರು ಶೂಸಿನವನು, ಎರಡು ಫೋನು, ಸುಳ್ಳು, ಎಲ್ಲವನ್ನೂ. ಅವರು ಪೂರ್ತಿ ಕೇಳಿದರು. ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. "ಆಟದ್ದಲ್ವಾ" ಎಂದರು. ಆಮೇಲೆ, "ಅವ್ರು ಇದ್ದಾಗ ಹೇಳ್ಬೇಕಿತ್ತು ನೀನು" ಎಂದರು. ಗದರಿಸಿದ್ದಲ್ಲ. ಇದ್ದದ್ದನ್ನು ಹೇಳಿದರು.

ಎಂಟು ತಂಡ ಬೇಕೇಬೇಕಾದ್ದರಿಂದ ಅವರ ತಂಡವನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ. ಅತ್ತಿಗೆ ಫೋನನ್ನು ನನಗೇ ಕೊಟ್ಟಿದ್ದಾರೆ. ಆಟಗಾರರನ್ನು ಆರಿಸುವ ದಿನ ಅವರ ಪಾಳಿ ಬಂದಾಗಲೆಲ್ಲ ಗುಂಪಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ನವೆಂಬರಿನ ಈ ಬೆಳಗುಗಳಲ್ಲಿ ಹೋಟೆಲಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಮನೆಯಲ್ಲೇ ಕೂತು ಮೊದಲು ಅವರದ್ದನ್ನು ಜೋಡಿಸಿ ಆಮೇಲೆ ನನ್ನದನ್ನು ನೋಡುತ್ತೇನೆ. ಒಳ್ಳೆಯವನೊಬ್ಬ ಖಾಲಿ ಇದ್ದರೆ ಅವರಿಗೇ ಹಿಡಿಯುತ್ತೇನೆ. ಅವರು ಮೇಲಿನ ಸ್ಥಾನದಲ್ಲಿದ್ದಾರೆ, ನಾನು ಕೆಳಗಿದ್ದೇನೆ. ಅದರಿಂದ ಯಾವುದೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು.

ಇವತ್ತು ಅವರ ತಂಡದಿಂದ ಒಬ್ಬನನ್ನು ಬಿಡಬೇಕಿತ್ತು. ಇಬ್ಬರಲ್ಲಿ ಯಾರನ್ನು ಬಿಡುವುದು ಎಂದು ತಿಳಿಯಲಿಲ್ಲ. ಅವರಾದರೆ ಭುಜ ನೋಡಿ ಹೇಳುತ್ತಿದ್ದರು. ನಾನೂ ಇಬ್ಬರ ಮುಖವನ್ನೂ ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದೆ. ನನಗೆ ಏನೂ ಕಾಣಿಸಲಿಲ್ಲ. ಅಲ್ಲಿ ಆಟ ಶುರುವಾಯಿತು. ಇಬ್ಬರೂ ಹಾಗೆಯೇ ಉಳಿದರು.